ಹಾಬಿಟ್‌ಗಳನ್ನು ಕುಳ್ಳ ಮಾಡಿದ್ದು ಕಂಪ್ಯೂಟರಾ, ಕಾರ್ಪೆಂಟರಾ?

ಪುಟ್ಟಿಯಪ್ಪ:
ಭಾನುವಾರ ಬೆಳಗ್ಗಿಂದ ಜಡಿಮಳೆ. ಮಗಳು ಬೋರು ಬೋರು ಅಂತ ಪ್ರಾಣ ತಿನ್ನುತ್ತಿದ್ದಳು, ಸರಿ ಅಂತ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೊದಲ ಭಾಗ ಹಾಕಿದೆ. ನಾನು ಅದನ್ನು ನೋಡಿದ್ದು ಕಾಲೇಜು ದಿನಗಳಲ್ಲಿ, ಸ್ನೇಹಿತನ ರೂಮಿನಲ್ಲಿ, ಗೆರೆ ಗೆರೆ ಬೀಳುತ್ತಿದ್ದ ಸಿಡಿಯಲ್ಲಿ. ಶುರುವಿನಲ್ಲೇ ಮಂತ್ರವಾದಿ ಗ್ಯಾಂಡಾಲ್ಫ್ ಗಾಡಿ ಹೊಡೆದುಕೊಂಡು ಬರುತ್ತಾನೆ, ಹಾಬಿಟ್ ಅನ್ನುವ ಕುಳ್ಳ ಜನಾಂಗದ ಫ್ರೋಡೊ ಪಕ್ಕದಲ್ಲಿ ಕೂತು ಹರಟುತ್ತಾನೆ. ಮಗಳು ಅಲ್ಲೇ ನಿಲ್ಲಿಸಿ ಕೇಳಿದಳು, ‘ಅಪ್ಪಾ, ಈ ಅಣ್ಣ ನಿಜವಾಗ್ಲೂ ಇಷ್ಟೇ ಉದ್ದನಾ?’ ನಾನು ಹಿಂದೆ ಮುಂದೆ ನೋಡದೆ ‘ಅದೆಲ್ಲಾ ಕಂಪ್ಯೂಟರ್ ಪುಟ್ಟಿ’ ಅಂದೆ. ನನ್ನ ಭಾಮೈದ ಅಲ್ಲೇ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದವನು, ‘ಕಂಪ್ಯೂಟರೂ ಇಲ್ಲ, ಮಣ್ಣೂ ಇಲ್ಲ. ಒಬ್ಬನನ್ನು ಮುಂದೆ, ಇನ್ನೊಬ್ಬನನ್ನು ಹಿಂದೆ ಕೂರಿಸಿದ್ದಾರೆ ಭಾವ’ ಅಂದ. ಸಾಧ್ಯವೇ ಇಲ್ಲ, ಇಬ್ಬರೂ ಮೈಗೆ ಮೈ ತಾಗಿಸಿ ಕೂತಿದ್ದಾರೆ ಅಂತ ನಾನು. ಮಸಾಲೆದೋಸೆ ಬಾಜಿ ಕಟ್ಟಿದ್ದೇವೆ. ಗೊತ್ತಿರುವವರು ತೀರ್ಪು ಕೊಡಿ.

ರೀಲ್ ರಂಗ:
ದೋಸೆ ಕೊಡಿಸಿ.

ಹಳೇ ಪ್ರೊಜೆಕ್ಟರ್:
ಭಾಮೈದ ಸರಿ. ಆಗುಂಬೆಗೆ ಹೋಗಿದ್ದೀರಲ್ವಾ? ಸೂರ್ಯಾಸ್ತದ ಹೊತ್ತಿಗೆ ಅಲ್ಲಿ ಎಲ್ಲರೂ ಅಂಗೈ ಮೇಲೆ ಸೂರ್ಯನನ್ನು ಇಟ್ಟುಕೊಂಡ ಹಾಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಇದೂ ಅದೇ ಉಪಾಯ. ಕ್ಯಾಮೆರಾಗೆ ಒಂದೇ ಕಣ್ಣು, ಯಾವುದು ಹತ್ತಿರ ಯಾವುದು ದೂರ ಅಂತ ಅದಕ್ಕೆ ತಿಳಿಯಲ್ಲ. ಆ ಗಾಡಿಯ ಸೀಟು ನೋಡಲು ಒಂದೇ ಬೆಂಚು, ಅಸಲಿಗೆ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಗ್ಯಾಂಡಾಲ್ಫ್ ಆದ ಇಯಾನ್ ಮೆಕೆಲೆನ್ ಕ್ಯಾಮೆರಾ ಹತ್ತಿರ, ಫ್ರೋಡೊ ಆದ ಎಲೈಜಾ ವುಡ್ ಕೆಲವು ಅಡಿ ಹಿಂದೆ. ಇಬ್ಬರೂ ಮಾತಾಡುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ, ಗಾಳಿಯಲ್ಲಿ ಎಲ್ಲೋ ನೋಡುತ್ತಿದ್ದಾರೆ. ಅದನ್ನು ಗಮನಿಸಿ ಇನ್ನೊಂದು ಸಲ ನೋಡಿ, ಮಜಾ ಬರುತ್ತೆ.

ಪುಟ್ಟಿಯಪ್ಪ:
ಅಯ್ಯೋ. ಸರಿ, ಗಾಡಿ ಒಪ್ಪಿದೆ. ಆದರೆ ಇನ್ನೊಬ್ಬ ಹಾಬಿಟ್ ಬಿಲ್ಬೊ ಮನೆಯೊಳಗೆ ಟೀ ಕುಡಿಯುವ ಸೀನು? ಅಲ್ಲಿ ಕ್ಯಾಮೆರಾನೇ ಸರಿಯುತ್ತಲ್ಲ. ಆಗುಂಬೆಯಲ್ಲಿ ಫೋಟೊ ತೆಗೆಯುವವನು ಒಂದು ಹೆಜ್ಜೆ ಪಕ್ಕಕ್ಕೆ ಹೋದರೆ ಸೂರ್ಯ ಕೈಯಿಂದ ಜಾರಿ ಬಿದ್ದ ಹಾಗೆ ಕಾಣಿಸುತ್ತಾನೆ.

ಹಳೇ ಪ್ರೊಜೆಕ್ಟರ್:
ಇದಕ್ಕೇ ಕಾಯುತ್ತಿದ್ದೆ. ಹಳೇ ಕಾಲದವರೂ ದೂರ-ಹತ್ತಿರದ ಆಟ ಆಡುತ್ತಿದ್ದರು, ಆದರೆ ಕ್ಯಾಮೆರಾ ಕದಲುವ ಹಾಗಿರಲಿಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ ತಂಡದವರು ಏನು ಮಾಡಿದರು ಅಂದ್ರೆ, ಕ್ಯಾಮೆರಾ ಹಳಿ ಮೇಲೆ ಸರಿದ ಹಾಗೆಲ್ಲಾ ನಟ ಕೂತ ಜಾಗವನ್ನೂ ಲೆಕ್ಕ ಹಾಕಿ ಸರಿಸಿದರು. ಮೇಜು ಒಂದೇ ಅನ್ನಿಸಿದರೂ ಎರಡು ತುಂಡು, ಒಂದು ದೊಡ್ಡದು ಒಂದು ಚಿಕ್ಕದು. ದೊಡ್ಡ ತುಂಡಿನ ಮೇಲೆ ದೊಡ್ಡ ಕಪ್ಪು, ಚಿಕ್ಕದರ ಮೇಲೆ ಚಿಕ್ಕ ಕಪ್ಪು. ಕ್ಯಾಮೆರಾ ಒಂದು ಕಡೆ ಸರಿದರೆ ಇತ್ತ ಮೇಜಿನ ಅರ್ಧ, ಕುರ್ಚಿ, ಅದರ ಮೇಲಿನ ಮನುಷ್ಯ ಎಲ್ಲಾ ಒಟ್ಟಿಗೆ ಸರಿಯುತ್ತವೆ. ಅಷ್ಟರ ಮಧ್ಯೆ ಅವರು ಡೈಲಾಗ್ ಹೇಳಬೇಕು, ಟೀ ಬಗ್ಗಿಸಬೇಕು. ತೇರಿನ ಮೇಲೆ ಕೂತು ಸಂಸಾರದ ಮಾತಾಡಿದ ಹಾಗೆ!

ಬಿಲ್ಬೊ ಮನೆಯೇ ಎರಡು ಕಟ್ಟಿದ್ದರು. ಹಾಬಿಟ್ ನಟರಿಗೆ ಸರಿಯಾಗುವ ಒಂದು ಮನೆ, ಗ್ಯಾಂಡಾಲ್ಫ್ ಒಳಗೆ ಬಂದಾಗ ಇಕ್ಕಟ್ಟಾಗಿ ಕಾಣಲಿ ಅಂತ ಅದರದ್ದೇ ಚಿಕ್ಕ ನಕಲು. ಗೋಡೆ, ಪುಸ್ತಕ, ಬಟ್ಟಲು, ಎಲ್ಲದಕ್ಕೂ ಎರಡೆರಡು ಅಳತೆ.

ಮಲ್ನಾಡ್ ಮಂಜು:
ಆ ಚಿಕ್ಕ ಮನೆಯಲ್ಲಿ ಗ್ಯಾಂಡಾಲ್ಫ್ ತೊಲೆಗೆ ಹಣೆ ಚಚ್ಚಿಕೊಳ್ಳುವುದು ನಿಜವಾಗಿ ಆಗಿದ್ದಂತೆ. ದೀಪಕ್ಕೆ ತಲೆ ತಾಗುವುದು ಮೊದಲೇ ಗೊತ್ತು ಮಾಡಿದ್ದು, ತೊಲೆ ಮಾತ್ರ ಅಚಾನಕ್. ಮೆಕೆಲೆನ್ ನಟನೆ ನಿಲ್ಲಿಸಲಿಲ್ಲ, ಅದನ್ನೇ ಇಟ್ಟುಕೊಂಡರು. ನಮ್ಮ ಅಜ್ಜನ ಮನೆ ಬಾಗಿಲಲ್ಲಿ ನಾನು ಹೀಗೆ ಹತ್ತು ಸಲ ಚಚ್ಚಿಕೊಂಡಿದ್ದೇನೆ, ಯಾರೂ ಶೂಟ್ ಮಾಡಲಿಲ್ಲ.

ಟ್ರಿವಿಯಾ ತಿಮ್ಮ:
ಎರಡನೇ ಭಾಗದಲ್ಲಿ ವೀರ ಅರಗಾರ್ನ್ ಶಿರಸ್ತ್ರಾಣ ಒದ್ದಾಗ ಆ ನಟನ ಕಾಲ್ಬೆರಳು ನಿಜವಾಗಿ ಮುರಿದಿತ್ತು, ನಿಮಗೆ ಗೊತ್ತಾ??

ರೀಲ್ ರಂಗ:
ಬಂತಪ್ಪ. ಈ ಸಿನಿಮಾ ಬಗ್ಗೆ ನಾಲ್ಕು ಜನ ಸೇರಿದ ಕಡೆ ಈ ಬೆರಳು ಮುರಿಯದೆ ಇರಲ್ಲ.

ಜೇನುಗೂಡು:
ಒಂದು ತಿದ್ದುಪಡಿ. ಎಲ್ಲಾ ಶಾಟೂ ಹೀಗೆ ಮುಂದೆ-ಹಿಂದೆ ಕೂರಿಸಿ ತೆಗೆದಿಲ್ಲ. ಬೇರೆ ಬೇರೆ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಿದ್ದೂ ಬೇಕಾದಷ್ಟಿದೆ. ಇನ್ನು ದೂರದಿಂದ, ಬೆನ್ನ ಹಿಂದಿನಿಂದ ತೋರಿಸುವಾಗ ನಿಜವಾಗಿಯೂ ಕುಳ್ಳಗಿರುವವರನ್ನೇ ಬಳಸಿದರು. ಫ್ರೋಡೊಗೆ ಹಾಗೆ ಡೂಪ್ ಆಗಿದ್ದವರು ಕಿರಣ್ ಶಾ. ಕೀನ್ಯಾದಲ್ಲಿ ಹುಟ್ಟಿದವರು, ಭಾರತೀಯ ಮೂಲದವರು. ದೊಡ್ಡವರಿಗೆ ಏಳಡಿ ದಾಟಿದ ಪಾಲ್ ರಾಂಡಲ್ ಅನ್ನುವವರಿದ್ದರು. ಆದ್ದರಿಂದ ಅರ್ಧ ದೋಸೆ ಪುಟ್ಟಿಯಪ್ಪನವರಿಗೂ ಸಲ್ಲಬೇಕು.

ಇನ್ನೊಂದು ತಮಾಷೆ ಅಂದ್ರೆ ಕುಳ್ಳ ಗಿಮ್ಲಿ ಆದ ಜಾನ್ ರೈಸ್-ಡೇವಿಸ್ ಆರಡಿ ಮೇಲಿದ್ದ ಆಳು. ಅದು ಅನುಕೂಲವೇ ಆಯಿತು. ಹಾಬಿಟ್‌ಗಳಿಗಿಂತ ಗಿಮ್ಲಿ ಸ್ವಲ್ಪ ಎತ್ತರ ಕಾಣಬೇಕಲ್ಲ, ಹಾಗಾಗಿ ಆ ನಾಲ್ಕು ಹುಡುಗರ ಜೊತೆ ಸುಮ್ನೆ ನಿಲ್ಲಿಸಿ ಎಲ್ಲರನ್ನೂ ಒಟ್ಟಿಗೆ ಚಿಕ್ಕದು ಮಾಡಿದರೆ ಸಾಕಿತ್ತು. ಪಾಪ, ಮುಖಕ್ಕೆ ಅಂಟಿಸಿದ ರಬ್ಬರಿಗೆ ಅಲರ್ಜಿಯಾಗಿ ಕಣ್ಣ ಸುತ್ತ ಚರ್ಮ ಕೆರಳುತ್ತಿತ್ತು.

ಹೊಲಿಗೆ ಮನೆ:
ನನಗೆ ಈ ಅಳತೆ ಲೆಕ್ಕಕ್ಕಿಂತ ಬಟ್ಟೆ ಬರೆ ಮೇಲೆ ಪ್ರೀತಿ. ಯುದ್ಧದಲ್ಲಿ ಹಾಕುವ ಆ ಸರಪಳಿ ಅಂಗಿ ಇದೆಯಲ್ಲ, ಅದನ್ನು ಹೇಗೆ ಮಾಡಿದರು ಗೊತ್ತಾ? ಪ್ಲಾಸ್ಟಿಕ್ ಪೈಪನ್ನು ಸಣ್ಣ ಸಣ್ಣ ಬಳೆಯಾಗಿ ಕತ್ತರಿಸಿ, ಒಂದರೊಳಗೊಂದು ಕೈಯಲ್ಲೇ ಕೂಡಿಸಿ, ಮೇಲೆ ಲೋಹದ ಬಣ್ಣ. ಒಟ್ಟು ಒಂದು ಕೋಟಿ 25 ಲಕ್ಷ ಬಳೆ ಅಂತ ಅವರೇ ಹೇಳಿದ್ದಾರೆ. ಕೂಡಿಸಿ ಕೂಡಿಸಿ ಬೆರಳ ಗೆರೆಗಳೇ ಸವೆದು ಹೋದವಂತೆ. ನನ್ನಮ್ಮ ಶ್ರಾವಣದಲ್ಲಿ ಮಾರು ಮಾರು ಮಲ್ಲಿಗೆ ಕಟ್ಟಿ ಬೆರಳು ಊದಿಸಿಕೊಳ್ಳುತ್ತಿದ್ದರು. ಅದನ್ನು ನೋಡಿದ ನನಗೆ ಇದು ನಂಬಲು ಕಷ್ಟವೇ ಆಗಲಿಲ್ಲ.

ಹಾಬಿಟ್‌ಗಳ ಕಾಲು ಕೂಡ ಹಾಗೇ. ರೋಮ ನೆಟ್ಟ ರಬ್ಬರ್ ಪಾದ. ಬೆಳಗಿನ ಜಾವ ಎದ್ದು ಒಂದೂವರೆ ಗಂಟೆ ನಿಂತು ಅಂಟಿಸಿಕೊಳ್ಳಬೇಕು. ರಾತ್ರಿ ಕೀಳುವಾಗ ಹರಿದು ಹೋಗುತ್ತೆ, ನಾಳೆಗೆ ಹೊಸ ಜೋಡಿ. 1,800 ಜೋಡಿ ಹತ್ತಿರ ಮಾಡಿದ್ದರು.

ನಿದ್ದೆಗೆಟ್ಟವ:
ನಾನು ಬೆಂಗಳೂರಿನ ಒಂದು ಗ್ರಾಫಿಕ್ಸ್ ಕಂಪನಿಯಲ್ಲಿ ರೋಟೊ ಕೆಲಸ ಮಾಡುತ್ತಿದ್ದೆ. ಹೆಸರು ಬೇಡ. ರೋಟೊ ಅಂದ್ರೆ ನಟನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವುದು. ಒಂದು ಸೆಕೆಂಡಿಗೆ 24 ಫ್ರೇಮ್. ನಾಯಕಿ ಕೂದಲು ಬಿಟ್ಟುಕೊಂಡು ಗಾಳಿಗೆ ನಿಂತಳು ಅಂದ್ರೆ ನಮ್ಮ ವಾರ ಮುಗೀತು. ಒಂದು ಸಲ ರಾಜಕುಮಾರಿ ಮೊಸಳೆ ಕೊಳ ಹಾರುವ ಶಾಟು ಹನ್ನೊಂದು ದಿನ ಮಾಡಿದೆ. ಹನ್ನೆರಡನೇ ದಿನ ‘ಡೈರೆಕ್ಟರಿಗೆ ಮೊಸಳೆ ಬೇಡವಂತೆ, ಬೆಂಕಿ ಬೇಕಂತೆ’ ಅಂತ ಮೆಸೇಜು. ಕೊನೆ ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಆದ್ದರಿಂದ ‘ಎಲ್ಲಾ ಕಂಪ್ಯೂಟರ್’ ಅಂತ ಯಾರಾದ್ರೂ ಹಗುರವಾಗಿ ಅಂದ್ರೆ ನನಗೆ ಉರಿಯುತ್ತೆ. ಕಂಪ್ಯೂಟರ್ ತಾನಾಗಿ ಏನೂ ಮಾಡಲ್ಲ ಸ್ವಾಮಿ. ಅಲ್ಲೂ ಬೆರಳೇ ಸವೆಯುವುದು, ಇಲಿ ಹಿಡಿದು.

ಪುಟ್ಟಿಯಪ್ಪ:
ಕ್ಷಮಿಸಿ ಗುರುಗಳೇ. ಮಗಳಿಗೂ ಓದಿ ಹೇಳಿದೆ. ‘ಮೊಸಳೆ ಪಾಪ’ ಅಂದಳು.

ಟ್ರಿವಿಯಾ ತಿಮ್ಮ:
ಯುದ್ಧದ ಸೈನಿಕರಿಗೆ ಕಂಪ್ಯೂಟರಿನಲ್ಲಿ ಸ್ವಂತ ಬುದ್ಧಿ ಕೊಟ್ಟಿದ್ದರಂತೆ. ಮೊದಲ ಸಲ ಬಿಟ್ಟಾಗ ಕೆಲವರು ಶತ್ರುವನ್ನು ನೋಡಿ ಹೆದರಿ ಓಡಿ ಹೋದರಂತೆ!! ಹೇಡಿ ಸೈನಿಕರು 😂

ಜೇನುಗೂಡು:
ತಿಮ್ಮಣ್ಣ, ಕಥೆ ಚೆನ್ನಾಗಿದೆ, ಅರ್ಧ ಮಾತ್ರ ನಿಜ. ಆ ಸಾಫ್ಟ್‌ವೇರ್ ಹೆಸರು ಮ್ಯಾಸಿವ್, ಬರೆದವರು ಸ್ಟೀಫನ್ ರೆಗೆಲಸ್. ಪ್ರತಿ ಸೈನಿಕನಿಗೂ ಸುತ್ತ ಏನಿದೆ ಅಂತ ‘ನೋಡಿ’ ಕತ್ತಿ ಎತ್ತುವುದೋ ತಡೆಯುವುದೋ ಅಂತ ತಾನೇ ಆರಿಸುವ ನಿಯಮಗಳಿದ್ದವು. ಒಬ್ಬೊಬ್ಬರನ್ನೂ ಕೈಯಲ್ಲಿ ಆಡಿಸಬೇಕಿರಲಿಲ್ಲ. ಆದರೆ ಓಡಿದವರು ಹೆದರಿ ಓಡಲಿಲ್ಲ. ಅವರು ಬೇರೆ ದಿಕ್ಕಿಗೆ ಮುಖ ಮಾಡಿದ್ದರು, ಕಣ್ಣಿಗೆ ಶತ್ರುವೇ ಬೀಳಲಿಲ್ಲ, ಹಿಂದೆ ತಿರುಗು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಓಡುತ್ತಾ ಹೋದರು, ಅಷ್ಟೇ.

ಮಲ್ನಾಡ್ ಮಂಜು:
ಅಂದ್ರೆ ಗೂಗಲ್ ಮ್ಯಾಪ್ ನಂಬಿಕೊಂಡು ಹೊರಟ ನಮ್ಮ ದೊಡ್ಡಪ್ಪ.

ಕೊನೇ ಓವರ್:
ಇಲ್ಲಿ ಕ್ರಿಕೆಟ್ ಇದೆ ಅಂತ ಯಾರಿಗಾದ್ರೂ ಗೊತ್ತಾ? ಎರಡನೇ ಭಾಗದಲ್ಲಿ ಆ ಹತ್ತು ಸಾವಿರ ರಾಕ್ಷಸ ಸೈನ್ಯ ಕೋಟೆ ಮುಂದೆ ನಿಂತು ಗರ್ಜಿಸುತ್ತಲ್ಲ, ಆ ದನಿ ಕ್ರಿಕೆಟ್ ನೋಡಲು ಬಂದ ಜನರದ್ದು. 2002ರ ಫೆಬ್ರವರಿ, ವೆಲ್ಲಿಂಗ್ಟನ್, ನ್ಯೂಜಿಲೆಂಡ್-ಇಂಗ್ಲೆಂಡ್ ಒಂದು ದಿನದ ಪಂದ್ಯ. ಮಧ್ಯಂತರದಲ್ಲಿ ಜಾಕ್ಸನ್ ಮೈದಾನಕ್ಕೆ ಇಳಿದು, ದೊಡ್ಡ ಪರದೆ ಮೇಲೆ ಆ ರಾಕ್ಷಸ ಭಾಷೆಯ ಮಾತು ಹಾಕಿ, 25 ಸಾವಿರ ಜನರಿಂದ ಹೇಳಿಸಿದರು. ಎದೆ ಬಡಿದುಕೊಳ್ಳಿ ಅಂದ್ರು, ಬಡಿದುಕೊಂಡರು. ಕಾಲು ಕುಟ್ಟಿ ಅಂದ್ರು, ಕುಟ್ಟಿದರು.

ರೀಲ್ ರಂಗ:
ಚಿನ್ನಸ್ವಾಮಿಗೆ ಬಂದಿದ್ರೆ ಹೇಳಿಕೊಡುವ ಕಷ್ಟವೂ ಇರಲಿಲ್ಲ. ಕೊಹ್ಲಿ ಔಟಾಗಿಲ್ಲ ಅಂತ ಅಂಪೈರ್ ಹೇಳಿದ ಆ ಎರಡು ಸೆಕೆಂಡ್ ರೆಕಾರ್ಡ್ ಮಾಡಿಕೊಂಡಿದ್ರೆ ಮೂರು ಸಿನಿಮಾಗೆ ಸಾಕಿತ್ತು.

ಆಕ್ಲೆಂಡ್ ಅಕ್ಕ:
ಹನ್ನೆರಡು ವರ್ಷದಿಂದ ನ್ಯೂಜಿಲೆಂಡಿನಲ್ಲಿದ್ದೇನೆ. ಊರಿಂದ ಯಾರು ಬಂದರೂ ಹಾಬಿಟ್‌ಗಳ ಊರಿನ ಸೆಟ್ ಹಾಬಿಟನ್ ತೋರಿಸು ಅಂತಾರೆ, ಹಾಗಾಗಿ ಐದು ಸಲ ಆಗಿದೆ. ಮಾಟಮಾಟ ಊರಿನ ಹತ್ತಿರ ಅಲೆಕ್ಸಾಂಡರ್ ಕುಟುಂಬದ ಕುರಿ ಫಾರ್ಮು ಅದು. 1998ರಲ್ಲಿ ಆಕಾಶದಿಂದ ಹುಡುಕುತ್ತಿದ್ದಾಗ ಕಣ್ಣಿಗೆ ಬಿತ್ತು. ಕೆರೆ, ಪಕ್ಕದಲ್ಲಿ ದೊಡ್ಡ ಮರ, ಸುತ್ತ ಗುಡ್ಡ, ಒಂದು ಲೈಟುಕಂಬ ಇಲ್ಲ. ರಸ್ತೆ ಮಾಡಲು ಅಲ್ಲಿನ ಸೈನ್ಯವೇ ಬಂತು. ಹೂವು, ತರಕಾರಿ ಎಲ್ಲಾ ಶೂಟಿಂಗಿಗೆ ಒಂದು ವರ್ಷ ಮುಂಚೆಯೇ ನೆಟ್ಟರು. ನಿನ್ನೆ ತಂದಿಟ್ಟ ಕುಂಡದ ಹಾಗೆ ಕಾಣಬಾರದು, ಬೇರು ಬಿಟ್ಟು ಬೆಳೆದ ಹಾಗೆ ಕಾಣಬೇಕು ಅಂತ.

ಆದರೆ ಬಿಲ್ಬೊ ಮನೆ ಮೇಲಿನ ಓಕ್ ಮರ ಮಾತ್ರ ಪಕ್ಕಾ ಮೋಸ! ಬೇರೆ ಕಡೆ ಇದ್ದ ಮರವನ್ನು ಕಡಿದು, ಕೊಂಬೆ ಕೊಂಬೆಗೂ ನಂಬರ್ ಹಾಕಿ, ತಂದು ಗುಡ್ಡದ ಮೇಲೆ ಮತ್ತೆ ಜೋಡಿಸಿದರು. ಎಲೆಗಳು ತೈವಾನಿನಿಂದ ತರಿಸಿದ ನಕಲಿ ಎಲೆ, ಒಂದೊಂದಾಗಿ ತಂತಿಯಲ್ಲಿ ಕಟ್ಟಿದ್ದು. ಕುರಿಗಳನ್ನೂ ಬದಲಿಸಿದ್ದರು. ಫಾರ್ಮಿನ ಕುರಿಗಳು ನೋಡಲು ಸರಿಯಿಲ್ಲ, ಹಳೇ ಇಂಗ್ಲೆಂಡಿನ ಹಾಗೆ ಕಾಣಬೇಕು ಅಂತ ಕಪ್ಪು ಮೂತಿಯ ಸಫೋಕ್ ಕುರಿ ತಂದರು. ಆ ರೈತ ಏನಂದುಕೊಂಡಿರಬೇಕು, ಹೇಳಿ! ಈಗ ನೀವು ಬಂದು ನೋಡುವುದು ಮೊದಲಿನ ಸೆಟ್ ಅಲ್ಲ. ಅದು ಪ್ಲೈವುಡ್ಡಿನದು, ಶೂಟಿಂಗ್ ಮುಗಿದ ಮೇಲೆ ಹೆಚ್ಚಿನದನ್ನು ಕಿತ್ತರು. ‘ದಿ ಹಾಬಿಟ್’ ಸಿನಿಮಾಗಳಿಗೆ ಗಟ್ಟಿಯಾಗಿ ಮತ್ತೆ ಕಟ್ಟಿದ್ದು ಇದು. ನಮ್ಮತ್ತೆ ಮೊನ್ನೆ ಬಂದವರು ಆ ದುಂಡು ಬಾಗಿಲು ನೋಡಿ ‘ಒಳಗೆ ಹೋಗೋಣ, ಅಡುಗೆಮನೆ ಎಲ್ಲಿ’ ಅಂದ್ರು. ಹೆಚ್ಚಿನ ಬಾಗಿಲು ತೆರೆದರೆ ಎದುರಿಗೆ ಮಣ್ಣು, ಮರದ ಹಲಗೆ ಅಷ್ಟೇ.

ಖಡಕ್ ಖಾರಾಬಾತ್:
‘ದಿ ಹಾಬಿಟ್’ ಹೆಸರು ಎತ್ತಿದ್ರಲ್ಲ, ನನ್ನ ಹೊಟ್ಟೆಯುರಿ ಕೇಳಿ. ಅದೇ ನಿರ್ದೇಶಕ, ಅದೇ ಊರು, ಹತ್ತು ವರ್ಷ ಮುಂದುವರಿದ ತಂತ್ರಜ್ಞಾನ, ಕೇಳಿದಷ್ಟು ದುಡ್ಡು. ಆದರೂ ನೋಡಿದರೆ ವಿಡಿಯೊ ಗೇಮ್. ರಿಂಗ್ಸ್‌ನಲ್ಲಿ ಕತ್ತಿಗೆ ತೂಕ ಇತ್ತು, ಬಟ್ಟೆ ಮೇಲೆ ಕೆಸರಿತ್ತು. ಇಲ್ಲಿ ಎಲ್ಲಾ ಪ್ಲಾಸ್ಟಿಕ್. ಕೈಕೆಲಸ ಬಿಟ್ಟರು, ಕೆಟ್ಟರು.

ಜೇನುಗೂಡು:
ಅಷ್ಟು ಸುಲಭ ಅಲ್ಲ. ಅದನ್ನು 3ಡಿಯಲ್ಲಿ ತೆಗೆದರು. 3ಡಿ ಕ್ಯಾಮೆರಾಗೆ ಎರಡು ಕಣ್ಣು. ಮೇಲೆ ಪ್ರೊಜೆಕ್ಟರ್ ಹೇಳಿದ ಆಗುಂಬೆ ಉಪಾಯ ನಡೆಯುವುದೇ ಒಂದು ಕಣ್ಣಿದ್ದಾಗ. ಎರಡು ಕಣ್ಣು ಬಂದ ಕೂಡಲೇ ಹಿಂದೆ ಕೂತವನು ಹಿಂದೆಯೇ ಕಾಣುತ್ತಾನೆ. ಹಾಗಾಗಿ ಗ್ಯಾಂಡಾಲ್ಫನನ್ನು ಬೇರೆ ಹಸಿರು ಪರದೆಯ ಸೆಟ್ಟಿನಲ್ಲಿ ಒಬ್ಬನೇ ನಿಲ್ಲಿಸಬೇಕಾಯಿತು. ಎದುರಿಗೆ ಹದಿಮೂರು ಕುಳ್ಳರಿಲ್ಲ, ಕಂಬಕ್ಕೆ ಅಂಟಿಸಿದ ಅವರ ಫೋಟೊಗಳು, ಮಾತಾಡುವವನದ್ದು ಮಿಣುಕುತ್ತೆ. ಮೆಕೆಲೆನ್ ಒಂದು ದಿನ ಅಲ್ಲೇ ಅತ್ತುಬಿಟ್ಟರು. ನಾನು ನಟನಾಗಿದ್ದು ಇದಕ್ಕಲ್ಲ ಅನ್ನುವ ಸಂಕಟ. ಮೈಕು ಹಾಕಿಕೊಂಡಿದ್ದರಲ್ಲ, ಎಲ್ಲರಿಗೂ ಕೇಳಿಸಿತು.

ಹಳೇ ಪ್ರೊಜೆಕ್ಟರ್:
ಇಬ್ಬರೂ ಒಂದು ಮಾತು ಬಿಟ್ಟಿರಿ. ಸಮಯ. ರಿಂಗ್ಸ್‌ಗೆ ಕ್ಯಾಮೆರಾ ಓಡುವ ಮುಂಚೆ ಎರಡು ವರ್ಷಕ್ಕೂ ಜಾಸ್ತಿ ತಯಾರಿ ನಡೆದಿತ್ತು. ಆಮೇಲೆ 1999ರ ಅಕ್ಟೋಬರ್ 11ರಿಂದ 2000ದ ಡಿಸೆಂಬರ್ 22ರವರೆಗೆ ಮೂರೂ ಸಿನಿಮಾ ಒಟ್ಟಿಗೆ, 274 ದಿನ ಶೂಟಿಂಗ್. ‘ಹಾಬಿಟ್’ ಕಥೆ ಬೇರೆ. ಗಿಲೆರ್ಮೊ ಡೆಲ್ ಟೊರೊ ಮಾಡಬೇಕಿತ್ತು, 2010ರಲ್ಲಿ ಬಿಟ್ಟು ಹೋದರು. ಜಾಕ್ಸನ್ ಬಂದು ಕೂತಾಗ ಹೊಸದಾಗಿ ತಯಾರಿ ಮಾಡಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ಡಿವಿಡಿ ಜೊತೆ ಬಂದ ವಿಡಿಯೊದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅಕ್ಕ ಹೇಳಿದ ಆ ಕೈತೋಟ ನೋಡಿ, ಒಂದು ವರ್ಷ ಮುಂಚೆ ನೆಟ್ಟಿದ್ದು. ನಿದ್ದೆಗೆಟ್ಟವರ ಮೊಸಳೆ ನೋಡಿ, ಹನ್ನೆರಡನೇ ದಿನ ಬೆಂಕಿ ಆಯಿತು. ಎರಡಕ್ಕೂ ಇರುವ ವ್ಯತ್ಯಾಸ ಕಂಪ್ಯೂಟರಿನದ್ದಲ್ಲ.

ನಿದ್ದೆಗೆಟ್ಟವ:
ಇದನ್ನು ಪ್ರಿಂಟ್ ತೆಗೆದು ನಮ್ಮ ಹಳೇ ಆಫೀಸಿನ ಲಿಫ್ಟಿನಲ್ಲಿ ಅಂಟಿಸಬೇಕು.

ಖಡಕ್ ಖಾರಾಬಾತ್:
ಸರಿ ಒಪ್ಪಿದೆ. ಆದರೂ ಆ ಪೀಪಾಯಿ ಸೀನು ಕ್ಷಮಿಸಲ್ಲ.

ಅಣ್ಣಾವ್ರ ಅಭಿಮಾನಿ:
ಇಷ್ಟೊತ್ತು ಸುಮ್ಮನಿದ್ದೆ. ನ್ಯೂಜಿಲೆಂಡು, ಹಾಲಿವುಡ್ಡು ಅಂತ ಕೊಂಡಾಡುತ್ತೀರಲ್ಲ, 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ‘ಬಭ್ರುವಾಹನ’ ಮಾಡಿದಾಗ ಯಾವ ಕಂಪ್ಯೂಟರಿತ್ತು? ಅಣ್ಣಾವ್ರೇ ಅರ್ಜುನ, ಅಣ್ಣಾವ್ರೇ ಬಭ್ರುವಾಹನ. ಎದುರಾಬದುರು ನಿಂತು ಏನು ಅಬ್ಬರ!

ಹಳೇ ಪ್ರೊಜೆಕ್ಟರ್:
ಅಭಿಮಾನಿಗಳೇ, ಅದಕ್ಕೆ ಕೈ ಮುಗಿಯಬೇಕು. ಛಾಯಾಗ್ರಾಹಕರು ಎಸ್.ವಿ. ಶ್ರೀಕಾಂತ್. ರೀಲಿನ ಕಾಲದಲ್ಲಿ ದ್ವಿಪಾತ್ರ ಅಂದ್ರೆ ಸಾಮಾನ್ಯವಾಗಿ ಹೀಗೆ: ಲೆನ್ಸಿನ ಅರ್ಧ ಮುಚ್ಚಿ ಒಂದು ಪಾತ್ರ ಶೂಟ್ ಮಾಡಬೇಕು. ರೀಲು ಹಿಂದಕ್ಕೆ ಸುತ್ತಿ, ಈಗ ಇನ್ನರ್ಧ ಮುಚ್ಚಿ, ವೇಷ ಬದಲಿಸಿ ಬಂದ ಅದೇ ನಟನನ್ನು ಅದೇ ರೀಲಿನ ಮೇಲೆ ಶೂಟ್ ಮಾಡಬೇಕು. ನಡುವೆ ಕ್ಯಾಮೆರಾ ಕೂದಲೆಳೆ ಅಲುಗಿದರೂ ಮಧ್ಯೆ ಗೆರೆ ಬರುತ್ತೆ. ನಟ ಆ ಗೆರೆ ದಾಟಿ ಕೈ ಚಾಚಿದರೆ ಕೈ ಮಾಯ. ಮೊದಲ ಸಲ ಹೇಳಿದ ಡೈಲಾಗಿಗೆ ಎಷ್ಟು ಬಿಡುವು ಬಿಟ್ಟಿದ್ದೆ ಅನ್ನುವುದು ನೆನಪಿರಬೇಕು, ಎದುರಿಗೆ ಯಾರೂ ಇಲ್ಲದೆ ಕಣ್ಣು ಕೆಕ್ಕರಿಸಬೇಕು. ಮೆಕೆಲೆನ್ ಗಾಳಿ ನೋಡಿ ಮಾತಾಡಿದ್ದಕ್ಕೂ ಇದಕ್ಕೂ ದೂರವೇನಿಲ್ಲ.

ರಂಗಶಂಖ:
ಸಿನಿಮಾದವರಿಗಿಂತ ಮುಂಚೆ ನಾಟಕದವರು! ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆ ರಂಗದ ಮೇಲೆ ಬರುತ್ತಿದ್ದವು. ನಮ್ಮ ತಾತ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿ ಬಂದಿದ್ದರು. ಕೃಷ್ಣನ ಮಾತು ಒಂದೂ ನೆನಪಿರಲಿಲ್ಲ, ಆನೆ ಮಾತ್ರ ಸಾಯುವ ತನಕ ನೆನಪಿತ್ತು.

ಡಬ್ಬಿಂಗ್ ದಾಸ:
ರಿಂಗ್ಸ್ ಬಂದಾಗಲೇ ಕನ್ನಡಕ್ಕೆ ಡಬ್ ಆಗಿ ಬಂದಿದ್ರೆ ಆ ತಾತನೂ ನೋಡಬಹುದಿತ್ತು. ಆದರೆ ಆಗ ಡಬ್ಬಿಂಗ್ ಬೇಡ ಅಂತ ಕೂತಿದ್ದರಲ್ಲ!

ಅಣ್ಣಾವ್ರ ಅಭಿಮಾನಿ:
ಶುರು ಮಾಡಿದ್ರಾ. ಬೇಡ ಅಂದಿದ್ದಕ್ಕೆ ಇಲ್ಲಿನ ಕಲಾವಿದರು ಬದುಕಿದರು.

ಡಬ್ಬಿಂಗ್ ದಾಸ:
ನೋಡುವ ಮಕ್ಕಳು ಹಿಂದಿ ತೆಲುಗು ಕಲಿತರು, ಅದೂ ಸೇರಿಸಿ.

ರೀಲ್ ರಂಗ:
ಇಬ್ಬರೂ ಹೊರಗೆ ಹೋಗಿ ಜಗಳ ಆಡಿ. ಇಲ್ಲಿ ಒಂದು ದೋಸೆ ಪ್ರಕರಣ ನಡೀತಾ ಇದೆ.

ಬೊಂಬೆ ಹುಚ್ಚ:
ಗೊಂಬೆ ಸಿನಿಮಾದವರ ಪರ ಯಾರೂ ಮಾತಾಡಲಿಲ್ಲ. 1963ರ ‘ಜೇಸನ್ ಆಂಡ್ ದಿ ಆರ್ಗೊನಾಟ್ಸ್’ ಹುಡುಕಿ ನೋಡಿ. ಏಳು ಅಸ್ಥಿಪಂಜರ ಮೂರು ಜನರ ಜೊತೆ ಕತ್ತಿವರಸೆ ಮಾಡುತ್ತವೆ. ರೇ ಹ್ಯಾರಿಹೌಸನ್ ಒಬ್ಬರೇ ಕೂತು, ಒಂದೊಂದು ಗೊಂಬೆಯ ಕೈಕಾಲನ್ನು ಚೂರು ಚೂರು ಕದಲಿಸಿ, ಒಂದೊಂದೇ ಫ್ರೇಮ್ ತೆಗೆದದ್ದು. ತೆರೆ ಮೇಲೆ ಕೆಲವೇ ನಿಮಿಷ, ಮಾಡಿದ್ದು ನಾಲ್ಕೂವರೆ ತಿಂಗಳು. ನಾನು ಅದನ್ನು ನೋಡಿ ದಸರಾ ಗೊಂಬೆ ಇಟ್ಟುಕೊಂಡು ಫೋನಿನಲ್ಲಿ ಪ್ರಯತ್ನಿಸಿದೆ. ಮೂರು ಸಂಜೆ ಕೂತೆ. ಚನ್ನಪಟ್ಟಣದ ಸೈನಿಕ ಎರಡು ಹೆಜ್ಜೆ ನಡೆದ, ಮೂರನೆಯದಕ್ಕೆ ಬೆಕ್ಕು ಬಂತು.

ಟ್ರಿವಿಯಾ ತಿಮ್ಮ:
ಬೆಕ್ಕು ಅಂದಾಗ ನೆನಪಾಯ್ತು! ಉಂಗುರದ ಹಿಂದೆ ಬಿದ್ದ ಗಾಲಮ್ ಅನ್ನುವ ಜೀವಿ ಕೆಮ್ಮುವ ದನಿ ಇದೆಯಲ್ಲ, ಆ ಪಾತ್ರ ಮಾಡಿದ ಆಂಡಿ ಸರ್ಕಿಸ್ ಅದನ್ನು ಕಲಿತದ್ದು ತಮ್ಮ ಬೆಕ್ಕಿನಿಂದ. ಅದು ಗಂಟಲಿಗೆ ಸಿಕ್ಕಿದ ಕೂದಲುಂಡೆ ಕಕ್ಕುವುದನ್ನು ನೋಡಿ.

ಜೇನುಗೂಡು:
ಈ ಸಲ ಪೂರ್ತಿ ಸರಿ ತಿಮ್ಮಣ್ಣ 👏

ಪುಟ್ಟಿಯಪ್ಪ:
ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ಮಳೆ ಬಿಟ್ಟಿತ್ತು. ಮಗಳು ತಾರಸಿಗೆ ಎಳೆದುಕೊಂಡು ಹೋದಳು. ಅವಳು ಫೋನಿನ ಹತ್ತಿರ ಒಂದು ಸ್ಟೂಲ್ ಮೇಲೆ, ಭಾಮೈದ ಹದಿನೈದು ಅಡಿ ಹಿಂದೆ ನೀರಿನ ಟ್ಯಾಂಕಿನ ಪಕ್ಕ. ಫೋನನ್ನು ನಾನು ನೆಲಕ್ಕೆ ಹತ್ತಿರ ಹಿಡಿದೆ. ಅವಳು ದೊಡ್ಡವಳು, ಮಾವ ಗೇಣುದ್ದ. ಕಾಫಿ ಲೋಟ ಬಗ್ಗಿಸಿದರೆ ಮಾವನ ತಲೆ ಮೇಲೆ ಬೀಳುವ ಹಾಗೆ ಕಾಣಬೇಕು.

ಇಪ್ಪತ್ತು ಸಲ ತೆಗೆದರೂ ಏನೋ ಸರಿಯಿಲ್ಲ. ಅಳತೆ ಸರಿ ಇದೆ, ಆದರೂ ನೋಡಿದ ಕೂಡಲೇ ಮೋಸ ಅಂತ ತಿಳಿಯುತ್ತೆ. ಕೊನೆಗೆ ಮಗಳೇ ಕಂಡುಹಿಡಿದಳು. ಅವಳು ಹಿಂದೆ ತಿರುಗಿ ಮಾವನನ್ನೇ ನೋಡುತ್ತಿದ್ದಳು. ‘ನಾನು ಮಾವನ್ನ ನೋಡಬಾರದು ಅಪ್ಪಾ, ಬಟ್ಟೆ ಒಣಹಾಕೋ ಕಂಬ ನೋಡ್ಬೇಕು’ ಅಂದಳು. ಕಂಬ ನೋಡಿದಳು. ಮಾವ ಅವಳ ಬದಲು ಟ್ಯಾಂಕಿನ ಮುಚ್ಚಳ ನೋಡಿದ. ಬಂತು ನೋಡಿ! ಇಬ್ಬರೂ ಮುಖಾಮುಖಿ ಮಾತಾಡುತ್ತಿದ್ದಾರೆ. ನೆರಳು ಮಾತ್ರ ಕೈ ಕೊಡುತ್ತೆ, ಮಾವನ ನೆರಳು ಟ್ಯಾಂಕಿನ ಮೇಲೆ ಬಿದ್ದಿದೆ. ನಾಳೆ ಮೋಡ ಇದ್ದಾಗ ಮತ್ತೆ ತೆಗೆಯಬೇಕಂತೆ, ನಿರ್ದೇಶಕಿಯ ಅಪ್ಪಣೆ ಆಗಿದೆ.

ಜೇನುಗೂಡು:
ಮರುಶೂಟಿಂಗ್ ಮಾಡಲು ನಾಚಿಕೆ ಬೇಡ. ಜಾಕ್ಸನ್ ಮೂರನೇ ಭಾಗಕ್ಕೆ 11 ಆಸ್ಕರ್ ಬಂದ ಮೇಲೆ, 2004ರಲ್ಲಿ, ಅದೇ ಸಿನಿಮಾದ ಉದ್ದನೆಯ ಆವೃತ್ತಿಗೆ ಅಂತ ತಲೆಬುರುಡೆ ಉರುಳುವ ಒಂದು ಶಾಟ್ ತೆಗೆದರು. ಬಹುಮಾನ ಮನೆಗೆ ಬಂದಿದೆ, ಶೂಟಿಂಗ್ ಇನ್ನೂ ಮುಗಿದಿಲ್ಲ!

ರೀಲ್ ರಂಗ:
ಅದೆಲ್ಲಾ ಇರಲಿ, ದೋಸೆ ಕೊಡಿಸಿದ್ರಾ?

ಪುಟ್ಟಿಯಪ್ಪ:
ಕೊಡಿಸಿದೆ ಸ್ವಾಮಿ. ಮಧ್ಯಾಹ್ನ ಹೋದರೆ ‘ಈಗ ಊಟ ಮಾತ್ರ, ದೋಸೆ ನಾಲ್ಕರ ಮೇಲೆ’ ಅಂದ್ರು. ವಾಪಸ್ ಬಂದು ಸಂಜೆ ಮತ್ತೆ ಹೋದೆವು. ಜೇನುಗೂಡು ಹೇಳಿದ ಅರ್ಧ ದೋಸೆ ನ್ಯಾಯ ಭಾಮೈದ ಒಪ್ಪಲಿಲ್ಲ. ಮಗಳು ತಟ್ಟೆಯನ್ನು ಫೋನಿನ ಹತ್ತಿರ ತಂದು ಫೋಟೊ ತೆಗೆದಿದ್ದಾಳೆ, ದೋಸೆ ಮಾವನಿಗಿಂತ ಉದ್ದ ಇದೆ.

ಮಲ್ನಾಡ್ ಮಂಜು:
ಯಾವ ಹೋಟ್ಲು?